ಎಂಎನ್‌ಡಿ ಇರುವ ಮನೆಗಳನ್ನು ಒಂದಕ್ಕೊಂದು ಸೇರಿಸಿಕೊಡಿ: ಕಾಸರಗೋಡು ಜಿಲ್ಲಾ ಪಂಚಾಯತಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾಸರಗೋಡು ಜಿಲ್ಲಾ ಪಂಚಾಯತ್ ಅಧ್ಯಕ್ಷರಿಗೆ, ಜಿಲ್ಲಾ ವೈದ್ಯಾಧಿಕಾರಿಗಳಿಗೆ, ಪಂಚಾಯತಿಗಳಲ್ಲಿ ಪಾಲಿಯೇಟಿವ್ ಕೆಲಸ, ಅಂದರೆ ಗುಣವಾಗದ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವ ಆರೈಕೆ, ನೋಡಿಕೊಳ್ಳುವ ಎಲ್ಲರಿಗೂ ನಮಸ್ಕಾರ.

ಬೇಕಾದ್ದು ಏನು ಅಂತ ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಓದಲು ನಿಮಗೆ ಪುರುಸೊತ್ತು ಸಿಗದಿದ್ದರೂ ಇದೊಂದು ತಿಳಿಯಲಿ. ನಮ್ಮ ಜಿಲ್ಲೆಯಲ್ಲಿ ಮೋಟಾರ್ ನ್ಯೂರಾನ್ ಡಿಸೀಸ್, ಅಂದರೆ ಎಂಎನ್‌ಡಿ, ಇರುವವರೂ ಅವರನ್ನು ನೋಡಿಕೊಳ್ಳುವ ಮನೆಯವರೂ ಕನ್ನಡದಲ್ಲಿ, ತುಳುವಿನಲ್ಲಿ ಮಾತಾಡಿಕೊಳ್ಳಲು ಫೋನಿನಲ್ಲೇ ಒಂದು ಜಾಗ ಬೇಕು. ವಾರಕ್ಕೊಂದು ಸಂಜೆ ವಿಡಿಯೋ ಕಾಲ್. ಉಳಿದ ದಿನಗಳಿಗೆ ವಾಟ್ಸಾಪ್ ಗ್ರೂಪ್. ಅದನ್ನು ನಡೆಸುವ ಜವಾಬ್ದಾರಿ ಪಾಲಿಯೇಟಿವ್ ವಿಭಾಗದ ಒಬ್ಬರಿಗೆ ಕೊಡಿ, ಬಾಯಿಮಾತಿನಲ್ಲಿ ಬೇಡ, ಅವರ ಕೆಲಸದ ಪಟ್ಟಿಯಲ್ಲೇ ಬರೆದು ಕೊಡಿ. ಕಟ್ಟಡ ಬೇಡ, ಉದ್ಘಾಟನೆ ಬೇಡ, ದೊಡ್ಡ ಮೊತ್ತವೂ ಬೇಡ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಸರ್ಕಾರದ ಜೊತೆ ನಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು ಎಂದು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲೇ ಉಂಟು. ಇನ್ನೊಂದು ಕಾರಣವೂ ಇದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಪೈವಳಿಕೆ, ವರ್ಕಾಡಿ ಕಡೆ ಎಲ್ಲೋ ಒಂದು ಮನೆಯಲ್ಲಿ ನನ್ನ ಹಾಗೆಯೇ ಯಾರೋ ಒಬ್ಬರು ರಾತ್ರಿ ಎದ್ದು ಕೂತಿರುತ್ತಾರೆ. ಅವರ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ರಿಜಿಸ್ಟರಿನಲ್ಲಿ ಇದೆ. ಅವರೂ ಇದನ್ನು ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುತ್ತಿರುವುದು ನನ್ನ ಅಕ್ಕನನ್ನು. ಅಕ್ಕ ಬೀಡಿ ಕಟ್ಟುತ್ತಿದ್ದಳು. ತಡ್ಪೆ, ಅಂದರೆ ಮೊರ, ತೊಡೆಯ ಮೇಲೆ ಇಟ್ಟುಕೊಂಡು, ಯಾರ ಜೊತೆಗೋ ಮಾತಾಡುತ್ತಾ, ಕೈ ಕಡೆ ನೋಡದೆಯೇ ಕಟ್ಟುವಷ್ಟು ಅಭ್ಯಾಸ. ಬೀಡಿಯ ತುದಿ ಮಡಚಲು ಹೆಬ್ಬೆರಳು, ತೋರುಬೆರಳು ಎರಡೂ ಒಟ್ಟಿಗೆ ಒತ್ತಬೇಕು, ಮೊದಲು ಹೋದದ್ದು ಆ ಬಲ. ಕಟ್ಟಿದ ಬೀಡಿ ಬಿಚ್ಚಿಕೊಳ್ಳತೊಡಗಿತು. ಬೀಡಿ ತೆಗೆದುಕೊಳ್ಳುವ ಬ್ರಾಂಚಿನಿಂದ ಕಟ್ಟುಗಳು ವಾಪಸ್ ಬಂದವು. ಸ್ವಲ್ಪ ಸಮಯ ಕಳೆದ ಮೇಲೆ ಆ ಎರಡು ಬೆರಳುಗಳ ನಡುವಿನ ಮಾಂಸ ಕರಗಿ ಹಳ್ಳ ಬಿದ್ದಿತು, ಕಿರುಬೆರಳಿನ ಬದಿ ಮಾತ್ರ ಮೊದಲಿನ ಹಾಗೇ ತುಂಬಿಕೊಂಡಿತ್ತು. ಕೈ ಹೀಗೆ ಹೆಬ್ಬೆರಳಿನ ಬದಿಯಲ್ಲೇ ಹೆಚ್ಚು ಸೊರಗುವುದು ಈ ಕಾಯಿಲೆಯಲ್ಲಿ ನರರೋಗ ತಜ್ಞರು ಹುಡುಕುವ ಒಂದು ಗುರುತಂತೆ. ಆ ಮಾತು ಕೇಳುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಣ್ಣೆ ತಿಕ್ಕಿ, ಕುತ್ತಿಗೆಗೆ ಬೆಲ್ಟ್ ಕಟ್ಟಿ, ವಿಟಮಿನ್ ಇಂಜೆಕ್ಷನ್ ಕೊಡಿಸಿ ಎಲ್ಲಾ ಆಗಿತ್ತು. ಹೆಚ್ಚಿನ ಮನೆಗಳ ಕಥೆ ಹೀಗೇ. ಎಂಎನ್‌ಡಿ ಇದೆ ಎಂದು ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ, ಬೇರೆ ಬೇರೆ ಕಾಯಿಲೆ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳುತ್ತಾ ಬಂದು ಕೊನೆಗೆ ಇದು ಎಂದು ತೀರ್ಮಾನಿಸುತ್ತಾರೆ.

ಇದರ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮೆದುಳಿನಲ್ಲಿ, ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಆಡಿಸುವ ನರಕೋಶಗಳಿವೆ. ಅವು ಒಂದೊಂದಾಗಿ ಸಾಯುತ್ತಾ ಬರುತ್ತವೆ. ಆಗ ಸ್ನಾಯು ಸೊರಗುತ್ತದೆ. ಕೈಯಿಂದಲೋ ಕಾಲಿನಿಂದಲೋ ನಾಲಿಗೆಯಿಂದಲೋ, ಎಲ್ಲಿಂದ ಬೇಕಾದರೂ ಶುರುವಾಗಬಹುದು. ಹೋಗುತ್ತಾ ಹೋಗುತ್ತಾ ನುಂಗುವುದು, ಮಾತು, ಉಸಿರಾಟ. ಆದರೆ ಮುಟ್ಟಿದ್ದು, ನೋವು, ಬಿಸಿ, ತಣ್ಣಗೆ ಎಲ್ಲಾ ಗೊತ್ತಾಗುತ್ತದೆ. ಮೂಗಿನ ಮೇಲೆ ಸೊಳ್ಳೆ ಕೂತದ್ದು ಅಕ್ಕನಿಗೆ ಗೊತ್ತಾಗುತ್ತದೆ, ಓಡಿಸಲು ಆಗುವುದಿಲ್ಲ. ಕಣ್ಣಿನ ಚಲನೆ ಸಾಮಾನ್ಯವಾಗಿ ಕೊನೆವರೆಗೂ ಉಳಿಯುತ್ತದೆ. ಕೆಲವರಲ್ಲಿ ಯೋಚನೆ, ಸ್ವಭಾವ ಬದಲಾಗುವುದೂ ಉಂಟು, ಹಾಗಾಗಿ 'ಬುದ್ಧಿಗೆ ಏನೂ ಆಗುವುದಿಲ್ಲ' ಎಂದು ಎಲ್ಲರಿಗೂ ಒಂದೇ ಮಾತು ಹೇಳುವುದು ಸರಿಯಲ್ಲ. ಗುಣ ಮಾಡುವ ಮದ್ದು ಇಲ್ಲ. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿದ ರಿಲುಜೋಲ್ ನಮ್ಮಲ್ಲೂ ಸಿಗುತ್ತದೆ, ಅದು ಆಯುಸ್ಸಿಗೆ ಸೇರಿಸುವುದು ಕೆಲವೇ ತಿಂಗಳು. ಹೆಚ್ಚಿನವರು ಮೊದಲ ಲಕ್ಷಣ ಕಂಡಲ್ಲಿಂದ ಎರಡರಿಂದ ಐದು ವರ್ಷ ಬದುಕುತ್ತಾರೆ. ಸುಮಾರು ಹತ್ತರಲ್ಲಿ ಒಬ್ಬರು ಹತ್ತು ವರ್ಷ ದಾಟುತ್ತಾರೆ.

ಮನೆಗೆ ಬಂದವರೆಲ್ಲ ಸ್ಟೀಫನ್ ಹಾಕಿಂಗ್ ಹೆಸರು ಹೇಳುತ್ತಾರೆ. ಅವರಿಗೆ 1963ರಲ್ಲಿ, 21ನೇ ವಯಸ್ಸಿನಲ್ಲಿ ಕಾಯಿಲೆ ಗೊತ್ತಾಗಿ 2018ರವರೆಗೆ ಬದುಕಿದ್ದರು, ನಿಜ. ಹೇಳುವವರ ಮನಸ್ಸು ಒಳ್ಳೆಯದು. ಆದರೆ ಅದು ತೀರಾ ಅಪರೂಪ. ಆ ಉದಾಹರಣೆ ನಂಬಿಕೊಂಡರೆ, ಸಮಯ ಇರುವಾಗ ಮಾಡಬೇಕಾದ ಕೆಲಸಗಳು ಮುಂದಕ್ಕೆ ಹೋಗುತ್ತವೆ. ನಮಗೆ ಬೇಕಾದ್ದು ಪಕ್ಕದ ಊರಿನ ಉದಾಹರಣೆ. ಇದೇ ಗಂಜಿ ಉಣ್ಣುವ, ಇದೇ ಮಳೆಗಾಲದಲ್ಲಿ ಕರೆಂಟ್ ಹೋಗುವ, ಇದೇ ಬಸ್ಸಿನಲ್ಲಿ ಮಂಗಳೂರಿಗೆ ಹೋಗುವ ಮನೆಯ ಉದಾಹರಣೆ.

ಆ ಮನೆ ಸಿಗುವುದೇ ಕಷ್ಟ. ಪಾಶ್ಚಾತ್ಯ ದೇಶಗಳಲ್ಲಿ ಯಾವುದೇ ಹೊತ್ತಿಗೆ ಲಕ್ಷ ಜನರಲ್ಲಿ ಸುಮಾರು ಐದು ಮಂದಿಗೆ ಈ ಕಾಯಿಲೆ ಇರುತ್ತದೆ, ಏಷ್ಯಾದಲ್ಲಿ ಇನ್ನೂ ಕಡಿಮೆ ಎನ್ನುತ್ತಾರೆ. ನಮ್ಮ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 13 ಲಕ್ಷ. ಲೆಕ್ಕ ಹಾಕಿದರೆ ಇಡೀ ಜಿಲ್ಲೆಗೆ ಕೆಲವು ಹತ್ತು ಮಂದಿ. ಒಂದು ಪಂಚಾಯತಿಗೆ ಒಬ್ಬರು, ಹೆಚ್ಚೆಂದರೆ ಇಬ್ಬರು, ಕೆಲವು ಕಡೆ ಯಾರೂ ಇಲ್ಲ. ಶುಗರ್ ಇರುವವರಿಗೆ ಬಸ್‌ಸ್ಟ್ಯಾಂಡಿನಲ್ಲೇ ನಾಲ್ಕು ಜನ ಸಿಗುತ್ತಾರೆ, ಯಾವ ಅಕ್ಕಿ, ಯಾವ ಮಾತ್ರೆ ಎಂದು ಮಾತಾಡಿಕೊಳ್ಳುತ್ತಾರೆ. ನಮಗೆ ಹಾಗಿಲ್ಲ. ಒಟ್ಟಿಗೆ ಕೂರಿಸೋಣ ಎಂದರೆ ಹಾಸಿಗೆಯಲ್ಲಿ ಇರುವವರನ್ನು ಎಬ್ಬಿಸಿ ಕರೆದುಕೊಂಡು ಬರಲು ಆಗುವುದಿಲ್ಲ, ನೋಡಿಕೊಳ್ಳುವವರು ಅವರನ್ನು ಬಿಟ್ಟು ಒಂದು ಗಂಟೆ ಹೊರಗೆ ಹೋಗಲೂ ಆಗುವುದಿಲ್ಲ. ಉಳಿದಿರುವುದು ಫೋನ್ ಒಂದೇ.

ಇಂಟರ್ನೆಟ್ಟಿನಲ್ಲಿ ಗ್ರೂಪ್‌ಗಳು ಬೇಕಾದಷ್ಟು ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. ಇಡೀ ದೇಶದ್ದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ನಡೆಯುತ್ತದೆ. ಕೇರಳದವರದ್ದು ಸಹಜವಾಗಿ ಮಲಯಾಳದಲ್ಲಿ. ನಮ್ಮ ಮನೆಯಲ್ಲಿ ಮಾತು ತುಳು, ಓದುಬರಹ ಕನ್ನಡ, ಪಂಚಾಯತಿಯಿಂದ ಬರುವ ಕಾಗದ ಮಲಯಾಳ, ಡಾಕ್ಟರರ ಚೀಟಿ ಇಂಗ್ಲಿಷ್. ಮಲಯಾಳ ಕೇಳಿದರೆ ನಮಗೆ ಅರ್ಥವಾಗುತ್ತದೆ, ಮಾತಾಡಲೂ ಬರುತ್ತದೆ. ಓದಲು ಬರುವುದಿಲ್ಲ, ಕನ್ನಡ ಮೀಡಿಯಂನಲ್ಲಿ ಕಲಿತವರು ನಮ್ಮಲ್ಲಿ ಎಷ್ಟೋ ಜನ ಹೀಗೇ. ಅಳು ಬಂದಾಗ, ಸಿಟ್ಟು ಬಂದಾಗ, ನಾಚಿಕೆಯ ವಿಷಯ ಕೇಳಬೇಕಾದಾಗ ಕಲಿತ ಭಾಷೆ ಬಾಯಿಗೆ ಬರುವುದಿಲ್ಲ. ಹಾಸಿಗೆಯಲ್ಲೇ ಮುಟ್ಟಿನ ಬಟ್ಟೆ ಬದಲಿಸುವುದು ಹೇಗೆ ಎಂದು ನಾನು ಇಂಗ್ಲಿಷಿನಲ್ಲಿ ಯಾರ ಹತ್ತಿರ ಕೇಳಲಿ?

ಒಂದೇ ಭಾಷೆಯ, ಒಂದೇ ಅಡುಗೆಯ ಜನ ಸಿಕ್ಕಿದರೆ ಏನಾಗುತ್ತದೆ ಎನ್ನುವುದಕ್ಕೆ ಗಂಜಿಯ ವಿಷಯ ಹೇಳುತ್ತೇನೆ.

ಎಂಎನ್‌ಡಿಯಲ್ಲಿ ನುಂಗುವುದು ಕಷ್ಟವಾಗತೊಡಗಿದಾಗ ಮೊದಲು ಕೆಮ್ಮು ಬರಿಸುವುದು ನೀರಿನಂಥ ತೆಳ್ಳಗಿನದ್ದು. ಅದಕ್ಕಿಂತಲೂ ಕಷ್ಟ ತೆಳುವೂ ಗಟ್ಟಿಯೂ ಒಟ್ಟಿಗಿರುವ ಆಹಾರ, ಯಾಕೆಂದರೆ ಬಾಯಿ ಗಟ್ಟಿಯದ್ದನ್ನು ಹಿಡಿದಿಟ್ಟುಕೊಂಡಿರುವಾಗಲೇ ನೀರು ಗಂಟಲಿಗೆ ಇಳಿದು ಶ್ವಾಸನಾಳಕ್ಕೆ ಹೋಗಬಹುದು. ಈಗ ಯೋಚಿಸಿ, ನಮ್ಮ ಕುಚ್ಚಲಕ್ಕಿ ಗಂಜಿ ಅಂದರೆ ಅದೇ ಅಲ್ವಾ? ತೆಳಿಯ ನಡುವೆ ಅನ್ನದ ಅಗುಳು. ಹುಷಾರಿಲ್ಲದವರಿಗೆ ನಾವು ಮೊದಲು ಕೊಡುವುದೂ ಅದನ್ನೇ. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ ಕಸ್ಟರ್ಡ್, ಪುಡ್ಡಿಂಗ್, ಮ್ಯಾಶ್ಡ್ ಪೊಟ್ಯಾಟೊ ಎಂದು ಇತ್ತು. ಗಂಜಿಯ ಸುದ್ದಿಯೇ ಇರಲಿಲ್ಲ. ಅಕ್ಕ ದಿನಾ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತರಿಸಿಕೊಂಡು ಉಣ್ಣುತ್ತಿದ್ದಳು. ಪುತ್ತೂರು ಕಡೆಯ ಒಬ್ಬರು, ಗಂಡನನ್ನು ಇದೇ ಕಾಯಿಲೆಯಲ್ಲಿ ನೋಡಿಕೊಂಡವರು, ಯಾರದ್ದೋ ಪರಿಚಯದಿಂದ ನಮಗೆ ಫೋನಿನಲ್ಲಿ ಸಿಕ್ಕಿದರು. 'ಗಂಜಿಯನ್ನು ಮಿಕ್ಸಿಗೆ ಹಾಕಿ ಒಂದೇ ಹದ ಮಾಡಿ ಮಾರಾಯ್ತಿ, ಸೌಟಿನಿಂದ ದಾರದ ಹಾಗೆ ಬೀಳಬಾರದು, ಮುದ್ದೆ ಮುದ್ದೆಯಾಗಿ ಬೀಳಬೇಕು' ಎಂದರು. ರಾಗಿ ಮಣ್ಣಿ ಮಾಡಿ, ಗದ್ದ ತಗ್ಗಿಸಿ ನುಂಗಲು ಹೇಳಿ, ನುಂಗಿದ ಮೇಲೆ ಖಾಲಿ ಬಾಯಲ್ಲಿ ಇನ್ನೊಮ್ಮೆ ನುಂಗಲು ಹೇಳಿ, ಉಣ್ಣುವಾಗ ಟಿವಿ ಬಂದ್ ಮಾಡಿ. ಸ್ಪೀಚ್ ಥೆರಪಿಸ್ಟ್ ಹತ್ತಿರ ಒಮ್ಮೆ ನೋಡಿಸಿಯೇ ಮುಂದುವರಿಸಿ ಎಂದೂ ಅವರೇ ಹೇಳಿದರು. ಥೆರಪಿಸ್ಟ್ ನೋಡಿ ಇದೇ ಸರಿ ಎಂದರು. ಅಕ್ಕ ಕೆಮ್ಮದೆ ಒಂದು ಬಟ್ಟಲು ಉಂಡಳು.

ಡಾಕ್ಟರರಿಗೆ ಕಾಯಿಲೆ ಗೊತ್ತು. ನಮ್ಮ ಪಾಲಿಯೇಟಿವ್ ನರ್ಸ್ ಒಳ್ಳೆಯವರು, ಬಂದಾಗ ಟ್ಯೂಬು, ಹುಣ್ಣು ಎಲ್ಲಾ ನೋಡುತ್ತಾರೆ, ಅಕ್ಕನ ಕೈ ಹಿಡಿದು ಮಾತಾಡುತ್ತಾರೆ. ಆದರೆ ಅವರು ಬಂದು ಹೋದ ಮೇಲೆ ಇನ್ನೊಮ್ಮೆ ಬರುವವರೆಗಿನ ಅಷ್ಟೂ ರಾತ್ರಿ ಹಗಲು ಹೇಗೆ ಕಳೆಯುವುದು ಎಂದು ಗೊತ್ತಿರುವುದು ಅದನ್ನು ಕಳೆದವರಿಗೆ ಮಾತ್ರ.

ಅಕ್ಷರದ ಹಲಗೆಯನ್ನು ತೋರಿಸಿಕೊಟ್ಟವರೂ ಅದೇ ಪುತ್ತೂರಿನವರು. ಅಕ್ಕನ ಮಾತು ಪೂರ್ತಿ ನಿಂತಾಗ ನಾವು 'ನೀರಾ? ಮಗ್ಗುಲಾ? ಫ್ಯಾನಾ?' ಎಂದು ಒಂದೊಂದೇ ಕೇಳುತ್ತಾ ಕೂರುತ್ತಿದ್ದೆವು, ಅವಳಿಗೆ ಬೇಕಾದ್ದು ನಮ್ಮ ಪಟ್ಟಿಯಲ್ಲೇ ಇಲ್ಲದಿದ್ದರೆ ಅವಳು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದಳು. ಇಂಗ್ಲಿಷಿನವರ ಹಲಗೆಯಲ್ಲಿ 26 ಅಕ್ಷರ. ನಮ್ಮದರಲ್ಲಿ ಅಕ್ಷರ ಜಾಸ್ತಿ, ಮೇಲೆ ಕಾಗುಣಿತ, ಒತ್ತು. ಇದು ಆಗುವ ಹೋಗುವ ಮಾತಲ್ಲ ಎಂದೇ ಅನಿಸಿತ್ತು. ಅವರು ವಿಡಿಯೋ ಕಾಲಿನಲ್ಲಿ ಹಳೇ ಕ್ಯಾಲೆಂಡರಿನ ಹಿಂಬದಿ ತೋರಿಸಿದರು. ಮಾರ್ಕರಿನಲ್ಲಿ ಶಾಲೆಯ ವರ್ಣಮಾಲೆಯೇ, ಸಾಲು ಸಾಲಾಗಿ. ಅ ಸಾಲು, ಕ ಸಾಲು, ಚ ಸಾಲು, ಟ ಸಾಲು, ತ ಸಾಲು, ಪ ಸಾಲು, ಯ ಸಾಲು. ಮಹಾಪ್ರಾಣ ಬಿಟ್ಟಿದ್ದಾರೆ. ಸಾಲಿನ ಹೆಸರು ಹೇಳುತ್ತಾ ಹೋಗುವುದು, ಬೇಕಾದ ಸಾಲು ಬಂದಾಗ ಕಣ್ಣು ಮೇಲೆ ಎತ್ತಬೇಕು. ಮತ್ತೆ ಆ ಸಾಲಿನ ಒಳಗೆ ಅಕ್ಷರ. ಕಾಗುಣಿತ ಕೇಳುವುದೇ ಬೇಡ. ನ, ರ ಬಂದರೆ ನೀರು. ಬ, ರ ಬಂದರೆ ನಮ್ಮ ತುಳುವಿನಲ್ಲಿ ಬೆರಿ, ಅಂದರೆ ಬೆನ್ನು. ಎರಡು ಅಕ್ಷರಕ್ಕೆ ಹೆಚ್ಚಿನ ಶಬ್ದ ಗೊತ್ತಾಗಿಬಿಡುತ್ತದೆ. ಅಕ್ಕ ಅದರಲ್ಲಿ ಮೊದಲ ಸಲ ಹೇಳಿದ್ದು ಬೀಡಿ ಬ್ರಾಂಚಿನಿಂದ ಬರಬೇಕಾದ ಬೋನಸ್ ಯಾರೂ ಯಾಕೆ ಕೇಳಿಲ್ಲ ಎಂದು. ಅಷ್ಟು ದಿನ ಅವಳ ತಲೆಯಲ್ಲಿ ಅದು ಓಡುತ್ತಿತ್ತು, ನಾವು ಫ್ಯಾನ್ ಹಾಕುತ್ತಾ ಇದ್ದೆವು.

ಸ್ವಲ್ಪ ಮೊದಲೇ ಯಾರಾದರೂ ಹೇಳಿದ್ದರೆ ಅಕ್ಕನ ಸ್ವರವನ್ನೂ ಉಳಿಸಿಕೊಳ್ಳಬಹುದಿತ್ತು. ಮಾತು ಇರುವಾಗಲೇ ದಿನಾ ಬೇಕಾಗುವ ಮಾತುಗಳನ್ನು, ಮಕ್ಕಳನ್ನು ಕರೆಯುವ ರೀತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಡಿ ಎಂದು ಹೊಸದಾಗಿ ಕಾಯಿಲೆ ಗೊತ್ತಾದ ಪ್ರತಿಯೊಬ್ಬರಿಗೂ ಯಾರಾದರೂ ಹೇಳಲೇಬೇಕು. ಕೈ ಸ್ವಲ್ಪ ಆಡುವವರು ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಆಂಡ್ರಾಯ್ಡ್ ಫೋನ್ ಓದಿ ಹೇಳುತ್ತದೆ. ಕನ್ನಡ ಲಿಪಿಯಲ್ಲಿ ತುಳು ಬರೆದರೂ ಒಂದು ಮಟ್ಟಕ್ಕೆ ಓದುತ್ತದೆ, ರಾಗ ಸರಿ ಬರುವುದಿಲ್ಲ ಅಷ್ಟೇ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಅದರಿಂದ ಮನೆಮನೆಗಳಲ್ಲಿ ದೊಡ್ಡ ನೋವಾಗುತ್ತದೆ. ಎಂಎನ್‌ಡಿ ಇರುವ ಕೆಲವರಿಗೆ ತಡೆಯಲಾಗದ ನಗು, ಇಲ್ಲವೇ ಅಳು ಬರುತ್ತದೆ, ಸಂದರ್ಭಕ್ಕೂ ಮನಸ್ಸಿನ ಭಾವನೆಗೂ ಸಂಬಂಧವೇ ಇಲ್ಲದೆ. ಅಕ್ಕ ನಮ್ಮ ಸೋದರಮಾವ ತೀರಿಕೊಂಡ ಮನೆಯಲ್ಲಿ ನಕ್ಕಳು. ನಿಲ್ಲಿಸಲು ಅವಳಿಂದ ಆಗಲಿಲ್ಲ. ಅತ್ತೆ ಇವತ್ತಿಗೂ ನಮ್ಮ ಮನೆಗೆ ಬರುವುದಿಲ್ಲ. ಇದು ಕಾಯಿಲೆಯ ಭಾಗ, ಮದ್ದೂ ಉಂಟು ಎಂದು ಇನ್ನೊಂದು ಮನೆಯವರು ಹೇಳಿದಾಗ ಅಕ್ಕ ಎಷ್ಟು ಹೊತ್ತು ಅತ್ತಳೆಂದರೆ, ಅದು ಮಾತ್ರ ಕಾಯಿಲೆಯ ಅಳು ಆಗಿರಲಿಲ್ಲ.

ಉಸಿರಾಟದ ವಿಷಯದಲ್ಲಂತೂ ತಡವಾಗಿ ತಿಳಿದರೆ ಜೀವಕ್ಕೇ ಅಪಾಯ. ಇಲ್ಲಿ ಸೋಲುವುದು ಶ್ವಾಸಕೋಶ ಅಲ್ಲ, ಅದನ್ನು ಹಿಗ್ಗಿಸುವ ಸ್ನಾಯು. ಒಳಗೆ ಕಾರ್ಬನ್ ಡೈಆಕ್ಸೈಡ್ ಉಳಿದುಬಿಡುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ರಾತ್ರಿ ಮತ್ತೆ ಮತ್ತೆ ಎಚ್ಚರ, ಹಗಲು ತೂಕಡಿಕೆ ಇವೆಲ್ಲ ಅದರ ಗುರುತು. ಇದಕ್ಕೆ ಕೊಡುವುದು ಬೈಪ್ಯಾಪ್ ಎನ್ನುವ ಮೆಷಿನ್, ಮಾಸ್ಕ್ ಮೂಲಕ ಗಾಳಿ ಒತ್ತಿ ಕೊಡುತ್ತದೆ. ಇದು ಎಷ್ಟೋ ಜನರಿಗೆ ಆಯುಸ್ಸನ್ನೂ ನಿದ್ದೆಯನ್ನೂ ಕೊಟ್ಟಿದೆ. ಕೋವಿಡ್ ಕಾಲದ ನೆನಪಿನಲ್ಲಿ ಜನ 'ಉಸಿರು ಕಟ್ಟುತ್ತದೆ' ಎಂದ ಕೂಡಲೇ ಆಕ್ಸಿಜನ್ ಕಾನ್ಸಂಟ್ರೇಟರ್ ತರಲು ಓಡುತ್ತಾರೆ. ಎಂಎನ್‌ಡಿಯಲ್ಲಿ ಬರೀ ಆಕ್ಸಿಜನ್ ಕೊಟ್ಟರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರಬಹುದು. ಡಾಕ್ಟರರನ್ನು ಕೇಳದೆ ಹಚ್ಚಬೇಡಿ ಎಂದು ಸರಿಯಾದ ಹೊತ್ತಿಗೆ ಒಬ್ಬರು ಹೇಳಬೇಕು. ಆಹಾರ ಕೊಡಲು ನೇರ ಹೊಟ್ಟೆಗೆ ಹಾಕುವ ಪೆಗ್ ಟ್ಯೂಬಿನದ್ದೂ ಹಾಗೇ. ಉಸಿರು ತೀರಾ ದುರ್ಬಲವಾಗುವ ಮೊದಲೇ ಹಾಕಿಸಿದರೆ ಅಪಾಯ ಕಡಿಮೆ. ಆದರೆ ಬಾಯಲ್ಲಿ ಇನ್ನೂ ಉಣ್ಣುತ್ತಿರುವವರಿಗೆ ಟ್ಯೂಬ್ ಎಂದರೆ ಎಲ್ಲಾ ಮುಗಿಯಿತು ಅಂತ ಅನಿಸುತ್ತದೆ. ಡಾಕ್ಟರರು ಎಷ್ಟು ವಿವರಿಸಿದರೂ ಆಗದ್ದು, ಟ್ಯೂಬ್ ಹಾಕಿಸಿಕೊಂಡವರು ಅಂಗಿ ಎತ್ತಿ 'ಇಷ್ಟೇ, ನೋಡಿ' ಎಂದು ವಿಡಿಯೋದಲ್ಲಿ ತೋರಿಸಿದರೆ ಆಗುತ್ತದೆ.

ಸವಲತ್ತುಗಳದ್ದೂ ಹೀಗೇ ತಿಳಿದದ್ದು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿಯ ಆಶ್ವಾಸಕಿರಣಂ ಇದೆ, ಮನೆಯಲ್ಲಿ ಜೀವರಕ್ಷಕ ಉಪಕರಣ ಇದ್ದರೆ ಅದರ ವಿದ್ಯುತ್ತಿಗೆ ಕೆಎಸ್‌ಇಬಿಯಲ್ಲಿ ರಿಯಾಯಿತಿ ಕೇಳಬಹುದು ಎನ್ನುವುದನ್ನೆಲ್ಲ ಇನ್ನೊಂದು ರೋಗಿಯ ಮಗಳು ಹೇಳಿದ್ದು. 2016ರ ಅಂಗವಿಕಲರ ಹಕ್ಕುಗಳ ಕಾನೂನಿನ 21 ವಿಧಗಳ ಪಟ್ಟಿಯಲ್ಲಿ ಮಸ್ಕುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ ಎಲ್ಲಾ ಇವೆ, ಎಂಎನ್‌ಡಿ ಎಂದು ಹೆಸರು ಹಿಡಿದು ಬರೆದಿಲ್ಲ. ಸರ್ಟಿಫಿಕೇಟಿಗೆ ಹೋದಾಗ ಏನು ಕಾಗದ ಹಿಡಿದುಕೊಂಡು ಹೋಗಬೇಕು ಎಂದು ಹೇಳುವುದು ಒಮ್ಮೆ ಹೋಗಿ ಬಂದವರೇ.

ಹಾಗಾದರೆ ನೀವೇ ಒಂದು ಗ್ರೂಪ್ ಮಾಡಿಕೊಳ್ಳಬಹುದಲ್ಲ, ಪಂಚಾಯತ್ ಯಾಕೆ? ಇದಕ್ಕೆ ಉತ್ತರ ಹೇಳಲೆಂದೇ ಮುಖ್ಯವಾಗಿ ಈ ಪತ್ರ ಬರೆಯುತ್ತಿರುವುದು.

ಈ ಕಾಯಿಲೆಯಲ್ಲಿ ಗ್ರೂಪ್ ನಡೆಸುವವರೇ ಉಳಿಯುವುದಿಲ್ಲ. ರೋಗಿ ಶುರು ಮಾಡಿದರೆ ಕೆಲವು ತಿಂಗಳಲ್ಲಿ ಅವರ ಬೆರಳು ನಿಲ್ಲುತ್ತದೆ. ಮನೆಯವರು ಶುರು ಮಾಡಿದರೆ, ಅವರ ಮನುಷ್ಯ ತೀರಿಕೊಂಡ ದಿನ ಅವರಿಗೆ ಆ ಗ್ರೂಪ್ ತೆರೆದು ನೋಡುವುದೂ ಕಷ್ಟ. ಸಣ್ಣ ಗ್ರೂಪ್‌ಗಳು ಹೀಗೆ ಮೌನವಾಗಿ ನಿಂತುಹೋಗುವುದನ್ನು ನಾನು ನೋಡಿದ್ದೇನೆ. ಕೊನೆಯ ಸಂದೇಶ ಸಾವಿನ ಸುದ್ದಿ, ಅದರ ಕೆಳಗೆ ಕೈಮುಗಿದ ಚಿತ್ರಗಳು, ಆಮೇಲೆ ಏನೂ ಇಲ್ಲ. ಕೆಳಗೆ ಯಾರೋ ಹೊಸಬರು 'ನನ್ನ ತಂದೆಗೆ ಎಂಎನ್‌ಡಿ ಅಂತ ಗೊತ್ತಾಗಿದೆ, ಏನು ಮಾಡುವುದು' ಎಂದು ಕೇಳಿರುತ್ತಾರೆ. ಉತ್ತರ ಇಲ್ಲ. ಕಲಿತದ್ದೆಲ್ಲ ಅಲ್ಲಿಗೇ ಮುಗಿಯಿತು, ಮುಂದಿನ ಮನೆ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಮನುಷ್ಯರು ಬಂದು ಹೋದರೂ ನಿಲ್ಲದ ಯಾವುದಾದರೂ ವ್ಯವಸ್ಥೆ ಇದನ್ನು ಹಿಡಿದುಕೊಳ್ಳಬೇಕು. ಅದು ನೀವು.

ಮೋಸದ ವಿಷಯವೂ ಉಂಟು. ಮದ್ದಿಲ್ಲದ ಕಾಯಿಲೆಯ ಗ್ರೂಪ್ ಎಂದರೆ ಮದ್ದು ಮಾರುವವರು ಹುಡುಕಿಕೊಂಡು ಬರುತ್ತಾರೆ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರು ಮುಖ್ಯವಾಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗದೊಳಗೆ ಮಾತ್ರ. ಈ ಒಂದು ವಾಕ್ಯ ಕನ್ನಡದಲ್ಲಿ ಗ್ರೂಪಿನ ಮೇಲ್ಗಡೆ ಪಿನ್ ಮಾಡಿಟ್ಟರೆ ಒಂದೆರಡು ತೋಟ ಮಾರಾಟವಾಗದೆ ಉಳಿಯಬಹುದು. ಒಬ್ಬೊಬ್ಬರೇ ಇದ್ದರೆ ಆಸೆಗೆ ಬಲಿಯಾಗುತ್ತೇವೆ, ಒಟ್ಟಿಗಿದ್ದರೆ ಒಬ್ಬರಾದರೂ ಪ್ರಶ್ನೆ ಕೇಳುತ್ತಾರೆ. 2008ರಲ್ಲಿ ಇಟಲಿಯ ಒಂದು ಚಿಕ್ಕ ಅಧ್ಯಯನ ಲಿಥಿಯಂ ಎನ್ನುವ ಮದ್ದು ಕೊಟ್ಟರೆ ಕಾಯಿಲೆ ನಿಧಾನವಾಗುತ್ತದೆ ಎಂದಿತು. ಜಗತ್ತಿನ ಎಷ್ಟೋ ರೋಗಿಗಳು ತಾವೇ ತೆಗೆದುಕೊಳ್ಳತೊಡಗಿದರು. ಪೇಷೆಂಟ್ಸ್‌ಲೈಕ್‌ಮಿ ಎನ್ನುವ ತಾಣದಲ್ಲಿ ಅವರೆಲ್ಲ ತಮ್ಮ ತಮ್ಮ ಸ್ಥಿತಿಯನ್ನು ಬರೆದಿಟ್ಟರು. ತೆಗೆದುಕೊಂಡವರನ್ನೂ ತೆಗೆದುಕೊಳ್ಳದವರನ್ನೂ ಹೋಲಿಸಿ ನೋಡಿದರೆ ಯಾವ ಪ್ರಯೋಜನವೂ ಕಾಣಲಿಲ್ಲ, 2011ರಲ್ಲಿ ಅದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ತಾಣವನ್ನು ಕಟ್ಟಿದ್ದೂ ಇದೇ ಕಾಯಿಲೆ ಬಂದ ಒಬ್ಬರ ಅಣ್ಣತಮ್ಮಂದಿರು.

ಗ್ರೂಪ್ ಹೇಗಿರಬೇಕು ಎನ್ನುವ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ, ಅಕ್ಕನಿಗೆ ನನಗಿಂತ ಜಾಸ್ತಿ. ರೋಗಿಗಳಿಗೆ ಒಂದು, ನೋಡಿಕೊಳ್ಳುವವರಿಗೆ ಇನ್ನೊಂದು ಇರಲಿ. ನಾವು 'ಸಾಕಾಗಿ ಹೋಯಿತು' ಎಂದು ಹೇಳಿಕೊಳ್ಳುವ ಜಾಗದಲ್ಲಿ ಅವರು ಇರಬಾರದು. ನಮಗೆ ಹೆದರಿಕೆಯಾಗಬಾರದೆಂದು ಅವರು ಬಚ್ಚಿಡುವ ಮಾತಿಗೂ ಒಂದು ಜಾಗ ಬೇಕು. ಹೊಸದಾಗಿ ಗೊತ್ತಾದವರನ್ನು ಮೊದಲ ದಿನವೇ ದೊಡ್ಡ ಗ್ರೂಪಿಗೆ ಹಾಕಬೇಡಿ. ಉಸಿರಾಡಲು ಕುತ್ತಿಗೆಗೆ ಟ್ಯೂಬ್ ಹಾಕಿದವರ ಫೋಟೋ ನೋಡಿ ಅವರ ನಿದ್ದೆ ಹಾರಿಹೋಗುತ್ತದೆ. ಅನುಭವ ಇರುವ ಒಬ್ಬರು ಅವರಿಗೆ ಮೊದಲು ಒಂಟಿಯಾಗಿ ಫೋನ್ ಮಾಡಲಿ. ಈ ಸಾಲುಗಳನ್ನು ಓದಿ ಹೇಳಿದಾಗ ಅಕ್ಕ ಹಲಗೆ ಕೇಳಿದಳು. ಅವಳು ಹೇಳಿದ್ದನ್ನು ಹಾಗೇ ಸೇರಿಸುತ್ತೇನೆ: 'ಹೊಸಬರಿಗೆ ಸಾವಿನ ಮಾತು ಅವರು ಕೇಳಿದಾಗ ಮಾತ್ರ ಹೇಳಿ. ಕೇಳಿದರೆ ಸುಳ್ಳು ಹೇಳಬೇಡಿ.'

ಎಲ್ಲರದ್ದೂ ಒಂದೇ ಕಾಯಿಲೆ ಎಂದುಕೊಳ್ಳುವುದೂ ತಪ್ಪು. ನಮ್ಮ ದಕ್ಷಿಣ ಭಾರತದ ಯುವಕರಲ್ಲೇ ಹೆಚ್ಚು ಕಂಡ, 1970ರಲ್ಲಿ ಮದ್ರಾಸಿನ ವೈದ್ಯರು ವರದಿ ಮಾಡಿದ ಒಂದು ವಿಧ ಇದೆ, ಮದ್ರಾಸ್ ಮೋಟಾರ್ ನ್ಯೂರಾನ್ ಡಿಸೀಸ್ ಎಂದೇ ಅದರ ಹೆಸರು. ಅದರಲ್ಲಿ ಕಿವಿಯೂ ಮಂದವಾಗುತ್ತದೆ, ಆದರೆ ಬಹಳ ನಿಧಾನ. ಹಿರಯಾಮ ಎನ್ನುವ ಕಾಯಿಲೆ ಹುಡುಗರ ಕೈಯಲ್ಲಿ ಶುರುವಾಗಿ ಕೆಲವು ವರ್ಷದಲ್ಲಿ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಹಾಗಾಗಿ ಗ್ರೂಪಿನಲ್ಲಿ ಯಾರೂ ಯಾರಿಗೂ ಭವಿಷ್ಯ ಹೇಳಬಾರದು, ಮಾತ್ರೆಯ ಪ್ರಮಾಣವನ್ನೂ ಹೇಳಬಾರದು. ತಿಂಗಳಿಗೊಮ್ಮೆ ಒಬ್ಬ ನರರೋಗ ತಜ್ಞರೋ ಪಾಲಿಯೇಟಿವ್ ಡಾಕ್ಟರರೋ ಒಂದು ಗಂಟೆ ಕಾಲಿನಲ್ಲಿ ಕೂತರೆ ಅಂಥ ಪ್ರಶ್ನೆ ಅಲ್ಲಿ ಕೇಳಬಹುದು.

ತೀರಿಕೊಂಡವರ ಮನೆಯವರನ್ನು ದಯವಿಟ್ಟು ಗ್ರೂಪಿನಿಂದ ತೆಗೆಯಬೇಡಿ. ಉಳಿಯಬೇಕೋ ಬೇಡವೋ ಅವರೇ ತೀರ್ಮಾನ ಮಾಡಲಿ. ನಮಗೆ ಕಲಿಸಿದ ಪುತ್ತೂರಿನವರು ಗಂಡನನ್ನು ಕಳೆದುಕೊಂಡ ಮೇಲೆಯೇ ನಮಗೆ ಸಿಕ್ಕಿದ್ದು. ಬಾಯಿ, ಗಂಟಲಿನ ಕಫ ಎಳೆದು ತೆಗೆಯುವ ಅವರ ಮನೆಯ ಸಕ್ಷನ್ ಮೆಷಿನ್ ಈಗ ನಮ್ಮ ಮನೆಯಲ್ಲಿದೆ. ಎಷ್ಟೋ ಮನೆಗಳ ಅಟ್ಟದಲ್ಲಿ ಬೈಪ್ಯಾಪ್, ವಾಟರ್ ಬೆಡ್, ವೀಲ್‌ಚೇರ್ ಸುಮ್ನೆ ಬಿದ್ದಿರುತ್ತವೆ. ಯಾರಿಗೆ ಬೇಕು ಎಂದು ಗೊತ್ತಾದರೆ ಕೊಡಲು ಅವರಿಗೂ ಮನಸ್ಸಿದೆ.

ಇದು ನಿಮ್ಮಿಂದ ಆಗದ ಕೆಲಸ ಅಲ್ಲ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಪಾಲಿಯೇಟಿವ್ ಕೆಲಸ ಊರೂರಿನ ಸ್ವಯಂಸೇವಕರ ಕೈಗೆ ಹೋಗಿ ಬೆಳೆದದ್ದು. 2008ರಲ್ಲಿ ಅದಕ್ಕೆಂದೇ ಒಂದು ನೀತಿ ಮಾಡಿದ ಮೊದಲ ರಾಜ್ಯ ಕೇರಳ. ಇವತ್ತು ನಮ್ಮ ಪಂಚಾಯತಿಗಳಲ್ಲಿ ನರ್ಸ್ ಇದ್ದಾರೆ, ಗಾಡಿ ಇದೆ, ಮನೆಗಳ ಪಟ್ಟಿ ಇದೆ. ನಮ್ಮ ಜಿಲ್ಲೆಗೆ ಎಂಡೋಸಲ್ಫಾನ್ ಕೀಟನಾಶಕ ತಂದ ಕಷ್ಟದಲ್ಲಿ ಅಮ್ಮಂದಿರು ಒಬ್ಬರನ್ನೊಬ್ಬರು ಹುಡುಕಿಕೊಂಡು ಒಟ್ಟಾದ ಮೇಲೆಯೇ ಅವರ ಮಾತು ಮೇಲಕ್ಕೆ ಕೇಳಿಸಿದ್ದು. ಅಕ್ಕನ ಕಾಯಿಲೆಗೂ ಆ ವಿಷಕ್ಕೂ ನಾನು ನಂಟು ಹಾಕುತ್ತಿಲ್ಲ, ಅದಕ್ಕೆ ಆಧಾರ ನನ್ನ ಹತ್ತಿರ ಇಲ್ಲ. ಹೇಳುತ್ತಿರುವುದು ಒಟ್ಟಾಗುವ ವಿಷಯ ಮಾತ್ರ.

ಇನ್ನೊಂದು ಕೋರಿಕೆ, ಗಡಿಯನ್ನು ಇದರಲ್ಲಿ ತರಬೇಡಿ. ನಮ್ಮ ಡಾಕ್ಟರರು ಹೆಚ್ಚಿನವರು ಮಂಗಳೂರಿನಲ್ಲಿ. ದೊಡ್ಡ ಪರೀಕ್ಷೆಗೆ ಹೋಗುವುದು ಬೆಂಗಳೂರಿನ ನಿಮ್ಹಾನ್ಸ್‌ಗೆ. 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಆಸ್ಪತ್ರೆ ತಲುಪಲಾಗದೆ ನಮ್ಮ ಕಡೆಯವರು ಪ್ರಾಣ ಕಳೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಫೋನಿಗೆ ಚೆಕ್‌ಪೋಸ್ಟ್ ಇಲ್ಲ. ವಿಟ್ಲ, ಪುತ್ತೂರು, ಸುಳ್ಯ ಕಡೆಯವರೂ ಇದರಲ್ಲಿ ಸೇರಲಿ, ನಮ್ಮದೇ ಮಾತು, ನಮ್ಮದೇ ನೆಂಟರು.

ಮಾಡಬೇಕಾದ ಮೊದಲ ಕೆಲಸ ಚಿಕ್ಕದು. ಎಂಎನ್‌ಡಿ ಎಂದು ಬರೆದಿರುವ ಮನೆಗಳಿಗೆ ಮುಂದಿನ ಸಲ ನರ್ಸ್ ಹೋದಾಗ ಒಂದು ಮಾತು ಕೇಳಲಿ: 'ಇದೇ ಕಾಯಿಲೆ ಇರುವ ಇನ್ನೊಂದು ಮನೆಯವರ ಜೊತೆ ಮಾತಾಡಲು ಇಷ್ಟವಿದೆಯಾ? ನಿಮ್ಮ ನಂಬರ್ ಕೊಡಬಹುದಾ?' ಒಪ್ಪಿದವರ ನಂಬರ್ ಮಾತ್ರ ತೆಗೆದುಕೊಳ್ಳಲಿ. ಒಪ್ಪದವರನ್ನು ಇನ್ನೊಮ್ಮೆ ಒತ್ತಾಯ ಮಾಡುವುದು ಬೇಡ. ಇಬ್ಬರೇ ಒಪ್ಪಿದರೂ ಶುರು ಮಾಡಬಹುದು.

ಕ್ಯಾಲೆಂಡರಿನ ಹಿಂಬದಿಯ ಅಕ್ಷರದ ಹಲಗೆಯ ಫೋಟೋ, ಗಂಜಿ ಮತ್ತು ಮಣ್ಣಿಯ ಹದದ ವಿಡಿಯೋ ನನ್ನ ಹತ್ತಿರ ಇದೆ, ಕೊಡುತ್ತೇನೆ. ಭಾನುವಾರ ಸಂಜೆ ಅಕ್ಕನಿಗೆ ಫೀಡ್ ಕೊಟ್ಟಾದ ಮೇಲೆ ಒಂದು ಗಂಟೆ ಕಾಲಿನಲ್ಲಿ ಕೂರಲು ನಾನು ತಯಾರಿದ್ದೇನೆ, ಅಕ್ಕನೂ ಪಕ್ಕದಲ್ಲೇ ಇರುತ್ತಾಳೆ. ಜಿಲ್ಲಾ ಪಂಚಾಯತಿನ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ, ಯಾರನ್ನು ನೇಮಿಸುತ್ತೀರಿ, ಯಾವಾಗ ಶುರು ಎಂದು ತಿಳಿಸಿ. ಕನ್ನಡದಲ್ಲೇ ಉತ್ತರ ಬಂದರೆ ನಾನೇ ಓದಿ ಅಕ್ಕನಿಗೆ ಹೇಳಬಹುದು.

ಇತಿ,
ಬದಿಯಡ್ಕ ಕಡೆಯ ಒಬ್ಬ ತಂಗಿ